ರಾಜನಿಗೆ ಒಂದೇ ಜಿಗಿತ

ನಿಮ್ಮ ಲೇತಿನ ಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಜ್ಜಾ,

ಹೇಗಿದ್ದೀರಿ? ಕಣ್ಣಿನ ಆಪರೇಷನ್ನಿನ ಪಟ್ಟಿ ಬಿಚ್ಚಿ ತಿಂಗಳಾಯಿತಲ್ಲ, ಇನ್ನೂ ನೀರು ಸೋರುತ್ತದೆಯೇ? ಹೊತ್ತುಹೊತ್ತಿಗೆ ಹನಿ ಹಾಕಿಸಿಕೊಳ್ಳುತ್ತೀರಾ, ಇಲ್ಲ ಅತ್ತೆಯ ಜೊತೆ ಜಗಳಕ್ಕೆ ಇಳಿಯುತ್ತೀರಾ? ಹಿಂದಿನ ನಾಲ್ಕು ಪತ್ರಗಳಲ್ಲೂ ಇದನ್ನೇ ಕೇಳಿದ್ದೆ. ಈ ಪ್ರಶ್ನೆಗೆ ನಾಲ್ಕು ಸಲವೂ ‘ಆರಾಮ’ ಎಂಬ ಒಂದೇ ಪದ ಬಂತು, ಅದೂ ಅತ್ತೆಯ ಅಕ್ಷರದಲ್ಲಿ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಇಳಿದಿದೆ. ನೀವು ಮರ ಕಡೆಯುವ ಲೇತಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದೇನೆ. ಕೆಳಗೆ ಬಿದ್ದ ಮರದ ಸಿಪ್ಪೆಯನ್ನು ಮಾತ್ರ ಗುಡಿಸಿಲ್ಲ. ಆ ವಾಸನೆ ಹೋದರೆ ಈ ಕೋಣೆ ನಿಮ್ಮದು ಅನ್ನಿಸುವುದಿಲ್ಲ.

ನನ್ನ ಕಚೇರಿಯ ಸುದ್ದಿ ಹೇಳುತ್ತೇನೆ. ಮಕ್ಕಳ ವಿಶ್ವಕೋಶ ಈಗ ‘ಚ’ ಅಕ್ಷರಕ್ಕೆ ಬಂದಿದೆ. ಸಂಪಾದಕರು ‘ಚದುರಂಗ’ ಎಂದು ಬರೆದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಬಾಯಿ ಬಿಡದೆ ಆಡೋ ಆಟ, ನಿನಗೇ ಸರಿ ಕಣಮ್ಮಾ’ ಎಂದು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರಿಗೆ ನಮ್ಮ ಮನೆಯ ಗದ್ದಲದ ಆಟ ಗೊತ್ತಿಲ್ಲವಲ್ಲ! ಕಾಲಾಳು, ಕುದುರೆ, ಆನೆ, ರಥ ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಆ ಹೆಸರು ಬಂತೆಂದು ಬರೆದೆ. ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಕೈಗೆ, ಆಮೇಲೆ ಯುರೋಪಿಗೆ ಹೋಯಿತೆಂದೂ, ಮೊದಲು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ಮಂತ್ರಿ ಅಲ್ಲಿ ರಾಣಿಯಾಗಿ ಎತ್ತ ಬೇಕಾದರತ್ತ ಓಡತೊಡಗಿತೆಂದೂ ಬರೆದೆ. ಈ ಆಟದಲ್ಲಿ ರಾಜನನ್ನು ಕೊಲ್ಲುವುದಿಲ್ಲ, ತಪ್ಪಿಸಿಕೊಳ್ಳಲು ದಾರಿ ಇಲ್ಲದ ಹಾಗೆ ಮಾಡಿ ನಿಲ್ಲಿಸುತ್ತಾರೆ. ಅಪಾಯ ಬಂದಾಗ ‘ಶಹ’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಮ್ಮ ಮನೆಯ ನಿಯಮವನ್ನೂ ಸೇರಿಸಿದೆ: ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಇಡಬೇಕು, ಒಮ್ಮೆಯೂ ಶಹ ತಿನ್ನದ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಸಂಪಾದಕರು ಅದರ ಮೇಲೆ ಕೆಂಪು ಗೆರೆ ಎಳೆದು, ‘ನಿಮ್ಮನೆ ಕಾನೂನೆಲ್ಲ ವಿಶ್ವಕೋಶಕ್ಕೆ ಬರಲ್ಲ’ ಎಂದರು.

ನಿಜ ಹೇಳಲೇ? ನನಗೂ ಅನುಮಾನ ಬಂತು. ‘ಸೋಲೋ ಹೊತ್ತಿಗೆ ನಿಮ್ಮಜ್ಜನಿಗೆ ಹೊಸ ಕಾನೂನು ಹುಟ್ಟುತ್ತೆ’ ಎಂದು ಅಜ್ಜಿ ಅನ್ನುತ್ತಿದ್ದುದು ನೆನಪಾಯಿತು. ಎರಡು ದಿನ ಕಪಾಟಿನ ಧೂಳು ಕುಡಿದೆ. ಕೊನೆಗೆ ರಟ್ಟು ಕಿತ್ತುಹೋದ ಒಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಸಿಕ್ಕಿತು: ಹಳೆಯ ಪದ್ಧತಿಯಲ್ಲಿ ರಾಜನಿಗೆ ಒಂದು ಕುದುರೆ ಜಿಗಿತ ಇತ್ತು. ನಿಮ್ಮ ಮೇಲೆ ಅನುಮಾನ ಪಟ್ಟದ್ದಕ್ಕೆ ಕ್ಷಮಿಸಿ. ಆದರೆ ಆ ಅನುಮಾನ ಅಲ್ಲಿಂದ ಎದ್ದು ಬೇರೆ ಕಡೆ ಹೋಗಿ ಕುಳಿತಿದೆ.

ನೀವು ಅತ್ತೆಯ ಊರಿಗೆ ಹೊರಡುವ ಹಿಂದಿನ ದಿನ ಶುರುಮಾಡಿದ ಆಟ ಈ ಕೋಣೆಯಲ್ಲೇ ಇದೆ. ನಿಮ್ಮ ನಡೆ ಪತ್ರದಲ್ಲಿ ಬಂದಾಗ ನಿಮ್ಮ ಕಾಯಿಯನ್ನೂ ನಾನೇ ಸರಿಸುತ್ತೇನೆ. ಮೂರನೆಯ ಪತ್ರದಲ್ಲಿ ನಿಮ್ಮ ರಾಜ ಎರಡು ಮನೆ ಸರಿದ, ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂತು. ಕ್ಯಾಸ್ಲಿಂಗ್! ‘ರಾಜ ಅಂದ್ರೆ ಜಿಗೀಬೇಕು, ಆನೆ ಹೊಟ್ಟೆ ಹಿಂದೆ ಅವಿತ್ಕೊಂಡ್ರೆ ಅವನೆಂಥ ರಾಜ’ ಎಂದು ಜನ್ಮವೆಲ್ಲ ಹಂಗಿಸಿದವರು ನೀವು. ಅತ್ತೆಗೆ ಒಂಟೆ ಯಾವುದು ಕುದುರೆ ಯಾವುದು ಗೊತ್ತಿಲ್ಲ. ಪತ್ರಿಕೆಯ ಚೆಸ್ ಒಗಟನ್ನು ಪೆನ್ಸಿಲು ಕಚ್ಚಿಕೊಂಡು ಬಿಡಿಸುವವರು ಆ ಮನೆಯಲ್ಲಿ ಒಬ್ಬರೇ: ಮಾವ. ನಿಮ್ಮ ಆಟವನ್ನು ಅವರು ಕಸಿದುಕೊಂಡರೆಂದು ಕೋಪ ಬಂತು. ಹಾಗಾಗಿ ಬೇಕೆಂದೇ ನನ್ನ ಮಂತ್ರಿಯನ್ನು ನಿಮ್ಮ ಕುದುರೆಯ ಬಾಯಿಗೆ ಇಟ್ಟು ಕಳಿಸಿದೆ. ನೀವಾಗಿದ್ದರೆ ‘ಮಂತ್ರಿ ಜೋಪಾನ’ ಎಂದು ಬರೆಸುತ್ತಿದ್ದಿರಿ; ಹೇಳದೆ ಹೊಡೆಯುವುದು ನಮ್ಮಲ್ಲಿಲ್ಲ. ಬಂದದ್ದು: ‘ಕುದುರೆಯಿಂದ ಮಂತ್ರಿಯನ್ನು ಹೊಡೆದೆ. ಆರಾಮ.’

ಬುಧವಾರ ಫೋನಿನಲ್ಲಿ ನಿಮ್ಮ ಕೆಮ್ಮು ಕೇಳಿ ಎಷ್ಟೋ ಸಮಾಧಾನವಾಯಿತು. ‘ನನ್ನ ಪತ್ರ ಸಿಕ್ತಾ ಅಜ್ಜಾ?’ ಎಂದರೆ ನೀವು ‘ಯಾವ ಪತ್ರ ಮಗೂ?’ ಎಂದಿರಿ. ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು, ‘ಈಗ ಎದ್ರು ನೋಡು, ನಿದ್ದೆಗಣ್ಣು’ ಎಂದರು. ಆಗ ಬೆಳಗಿನ ಹನ್ನೊಂದು ಗಂಟೆ. ಅಮ್ಮನನ್ನು ಕೇಳಿದರೆ ‘ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ’ ಎಂದು ಎದ್ದು ಹೋದಳು. ಪಟ್ಟಿ ಬಿಚ್ಚಿದ ದಿನವೇ ಕಳಿಸಿ ಎಂದು ನೀವು ಹೇಳಿಹೋದ ಭೂತಗನ್ನಡಿ, ವಿಳಾಸ ಬರೆದ ಪಾರ್ಸಲಿನಲ್ಲೇ ಅಡಿಗೆಮನೆಯ ಡಬ್ಬಿಗಳ ಹಿಂದೆ ಕೂತಿದೆ. ನಿನ್ನೆ ನೋಡಿದೆ. ಡಬ್ಬಿಗಳನ್ನು ಮೊದಲಿದ್ದ ಹಾಗೇ ಜೋಡಿಸಿಟ್ಟೆ.

ಅಮ್ಮ ಕೆಳಗಿನಿಂದ ಕೂಗುತ್ತಿದ್ದಾಳೆ. ಅತ್ತೆ ಮಾವನಿಗೆ ನಮಸ್ಕಾರ ತಿಳಿಸಿ. ಬೆಳಗಿನ ಚಳಿಗೆ ಕಿವಿ ಮುಚ್ಚಿಕೊಳ್ಳಿ. ತಲೆಯ ಮೇಲೆ ಕೈ ಇಡಿ, ಇಲ್ಲಿಂದಲೇ ಬಗ್ಗಿದ್ದೇನೆ.

ಒಂದೊಂದೇ ಮನೆ ನಡೆಯುವ
ನಿಮ್ಮ ಕಾಲಾಳು

ಮರೆತಿದ್ದೆ: ಅತ್ತೇ, ಇದನ್ನು ಓದುತ್ತಿರುವುದು ನೀವೇ ಎಂದು ಗೊತ್ತು. ಅಜ್ಜನಿಗೆ ಕಣ್ಣು ಬರಲಿಲ್ಲ, ಅಲ್ಲವೇ? ನಾನು ಹೆದರುತ್ತೇನೆಂದು ನೀವೂ ಅಮ್ಮನೂ ಮುಚ್ಚಿಟ್ಟಿರಿ, ಮಾವ ಪಾಪ ಆಡುತ್ತ ಬಂದರು. ಅವರ ಮೇಲೆ ಈಗ ಕೋಪವಿಲ್ಲ. ಆದರೆ ಅಜ್ಜನ ಪತ್ರವನ್ನು ಅಜ್ಜನಿಗೆ ಓದಿ ಹೇಳಿ, ಇವತ್ತೇ, ಮೊದಲಿನಿಂದ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಜ್ಜಾ, ಮಣೆಯ ಅರವತ್ತನಾಲ್ಕು ಮನೆಗೂ ತೂತು ಕೊರೆದು, ಪ್ರತಿ ಕಾಯಿಯ ಅಡಿಗೂ ಗೂಟ ಕೂರಿಸಿದ್ದೇನೆ, ಮುಟ್ಟಿದರೆ ಬೀಳುವುದಿಲ್ಲ. ಬೆರಳಿಗೆ ಗುರುತು ಸಿಗಲೆಂದು ಕಪ್ಪು ಕಾಯಿಗಳ ತಲೆಗೆ ಹಿತ್ತಾಳೆ ಮೊಳೆ ಹೊಡೆದಿದ್ದೇನೆ. ಹದಿಮೂರನೆಯ ತೂತು ಓರೆಯಾಗಿದೆ, ಬೈಯಲು ನಿಮಗೆ ಬೆರಳು ಸಾಕು. ಮಾವನ ನಡೆಗಳನ್ನೆಲ್ಲ ಹಿಂದಕ್ಕೆ ತೆಗೆದು ಕಾಯಿ ಜೋಡಿಸಿದ್ದೇನೆ. ನಿಮ್ಮ ರಾಜ ತನ್ನ ಮನೆಯಲ್ಲೇ ಇದ್ದಾನೆ, ಇನ್ನೂ ಜಿಗಿದಿಲ್ಲ.