ವಂದನೆ ಬಿಡು, ಮಂಡನೆ ಮಾಡು

ಇಲೋಯ್ಲೊ,
ಮಾರ್ಚ್ ೯, ಭಾನುವಾರ

ಎಲಿಸಿಯೊ,

‘ಪ್ರಿಯ’ ಎಂದು ಬರೆದರೆ ನೀನು ಗಾಬರಿಯಾಗುತ್ತೀಯ, ಬರೆಯದಿದ್ದರೆ ನನ್ನ ಕೈ ತಡೆಯುತ್ತದೆ. ಬರೀ ಹೆಸರೇ ಇರಲಿ. ನೀನು ಗಿಮಾರಾಸ್ ದ್ವೀಪದಲ್ಲಿ ಬೇರೆ ಮನೆ ಮಾಡಿ ಮೂರು ವರ್ಷವಾದ ಮೇಲೆ ಇದು ನನ್ನ ಮೊದಲ ಪತ್ರ. ಇದರಲ್ಲಿ ಜಗಳವಿಲ್ಲ, ಧೈರ್ಯವಾಗಿ ಓದು.

ಗುರುವಾರ ನೀನು ನಮ್ಮ ದೋಣಿ ಕಂಪನಿಯ ಆಡಳಿತ ಮಂಡಳಿಯ ಮುಂದೆ ನಿಲ್ಲುತ್ತೀಯ. ನಿನ್ನ ದುರಸ್ತಿ ಕಟ್ಟೆಯನ್ನು ಮುಚ್ಚಿ, ದೋಣಿಗಳನ್ನೆಲ್ಲ ದೂರದ ಸೆಬು ದ್ವೀಪಕ್ಕೆ ಕಳಿಸಿ ರಿಪೇರಿ ಮಾಡಿಸೋಣ ಎಂಬ ಪ್ರಸ್ತಾಪವಿದೆ. ಅಂದು ಸೋತರೆ ಕಟ್ಟೆಯೂ ಹೋಯಿತು, ಅದನ್ನೇ ನಂಬಿದ ಮೇಸ್ತ್ರಿಗಳ ಕೆಲಸವೂ ಹೋಯಿತು. ಆದ್ದರಿಂದ ಮೇಜಿನ ಆಚೆ ಬದಿಯಲ್ಲಿ ನಿರ್ದೇಶಕಿಯಾಗಿ ಕೂತು ಅಭ್ಯಾಸವಿರುವವಳ ಮಾತು ಕೇಳು.

ಹೋದ ವರ್ಷ ಏನು ಮಾಡಿದೆ, ನೆನಪಿದೆಯೇ? ಮೊದಲು ಪ್ರಾರ್ಥನೆ. ಆಮೇಲೆ ಅಧ್ಯಕ್ಷೆ ತಿಯಾ ಮಿಲಾಗ್ರೊಸ್‌ಗೆ ನಮಸ್ಕಾರ, ಉಳಿದ ನಿರ್ದೇಶಕರಿಗೆಲ್ಲ ಬಿರುದು ಸಮೇತ ನಮಸ್ಕಾರ, ತೀರಿಹೋದ ನನ್ನಪ್ಪನಿಗೂ ಒಂದು. ವಂದನೆ ಮುಗಿಯುವಷ್ಟರಲ್ಲಿ ಮಂಡನೆಯ ಹೊತ್ತು ಮುಗಿದಿತ್ತು. ನಮ್ಮೂರಲ್ಲಿ ಮದುವೆಯನ್ನೂ ಮಣ್ಣು ಮಾಡುವುದನ್ನೂ ಹೀಗೇ ಶುರು ಮಾಡುತ್ತೇವೆ, ನಿನ್ನೊಬ್ಬನ ತಪ್ಪಲ್ಲ. ಅಷ್ಟರಲ್ಲಿ ಬಚೊಯ್ ಬಂತು. ಬಿಸಿ ಸಾರಿನ ಬಟ್ಟಲು ಕಂಡಮೇಲೆ ಯಾರು ನಿನ್ನ ಚಿತ್ರಗಳ ತೆರೆಯತ್ತ ನೋಡುತ್ತಾರೆ? ತಿಯಾ ನನ್ನ ಕಿವಿಯಲ್ಲಿ, “ಏನೇ ಹುಡುಗಿ, ಈ ಮಹಾನುಭಾವ ನಮ್ಮನ್ನ ಹೊಗಳೋಕ್ ಬಂದಿದ್ನಾ, ಏನಾದ್ರೂ ಕೇಳೋಕ್ ಬಂದಿದ್ನಾ?” ಅಂದರು.

ಈ ಸಲ ಮೊದಲ ಮಾತೇ ಬೇಡಿಕೆಯಾಗಲಿ: ಕಟ್ಟೆ ಉಳಿಸಿ, ಎರಡು ವರ್ಷ ಕೊಡಿ. ಕಾರಣ ಆಮೇಲೆ. ಎಂಜಿನ್ ಚಿತ್ರಗಳನ್ನೆಲ್ಲ ತೆಗೆ. ನಿನಗೆ ಅವು ಮಕ್ಕಳ ಫೋಟೊ, ಅವರಿಗೆ ಬರೀ ಕಬ್ಬಿಣ. ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಬೇಡ, ಅವರಿಗೂ ಕನ್ನಡಕವಿದೆ.

ಎದುರಿನವರ ಭಯ ತಿಳಿಯದೆ ನಿನಗೆ ಜಯವಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ನಿರ್ದೇಶಕ ತಿಂಗ್ಸನ್‌ಗೆ ಖರ್ಚಿನ ಭಯ. ತಿಯಾಗೆ ಚಂಡಮಾರುತದ ಭಯ. ಗಾಳಿಯ ದಿನಗಳಲ್ಲಿ ಕೆಟ್ಟ ದೋಣಿ ಸೆಬು ತಲುಪುವುದು ಹೇಗೆ, ಅಲ್ಲಿಯವರೆಗೆ ಜನ ದಾಟುವುದು ಹೇಗೆ ಎಂದು ಕೇಳು. ಕೇಳಿ ಸುಮ್ಮನಾಗು. ಮೌನ ತಾಳಲಾರದೆ ಉತ್ತರವನ್ನೂ ನೀನೇ ಕೊಟ್ಟುಬಿಡಬೇಡ. ಆ ಅಭ್ಯಾಸ ನಮ್ಮ ಸಂಸಾರಕ್ಕೂ ಒಳ್ಳೆಯದು ಮಾಡಲಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಬುಧವಾರವೇ ತಿಯಾ ಮನೆಗೆ ಹೋಗಿ ಬಾ. ಸಭೆಯಲ್ಲಿ ಮೊದಲ ಸಲ ಕಿವಿಗೆ ಬಿದ್ದ ಯಾವುದಕ್ಕೂ ಅವರು ಹೂಂ ಅಂದದ್ದನ್ನು ನಾನು ಕಂಡಿಲ್ಲ.

ಬರೋಂಗ್ ಅಂಗಿಗೆ ಇಸ್ತ್ರಿ ಹಾಕಿಸು. ತೋಳಿನ ಎಣ್ಣೆ ಕಲೆ ಇನ್ನೂ ಹೋಗಿಲ್ಲವಾದರೆ ಇರಲಿ, ಅದೂ ನಿನ್ನ ಪರವಾಗಿ ನಾಲ್ಕು ಮಾತು ಹೇಳೀತು.

ಇಂತಿ,
ರೊವೇನಾ

ತಾ.ಕ.: ನನ್ನ ಮತವನ್ನು ಲೆಕ್ಕಕ್ಕೆ ಹಿಡಿಯಬೇಡ. ಗಂಡನ ಅಥವಾ ಹೆಂಡತಿಯ ವಿಷಯ ಚರ್ಚೆಗೆ ಬಂದರೆ ನಿರ್ದೇಶಕರು ಎದ್ದು ಹೊರಗೆ ಹೋಗಬೇಕೆಂದು ಈ ವರ್ಷ ನಿಯಮ ಮಾಡಿಕೊಂಡಿದ್ದೇವೆ. ತಿಯಾ ಉಪಾಯ ಹೇಳಿಕೊಟ್ಟರು: “ಮೂರ್ ವರ್ಷದಿಂದ ನೀನೊಂದು ದಡ, ಅವನೊಂದು ದಡ. ‘ಅವನು ಈಗ ನಂಗೇನೂ ಅಲ್ಲ’ ಅಂತ ಸಭೇಲಿ ಒಂದ್ ಮಾತು ಹೇಳ್ಬಿಡು, ಆರಾಮಾಗಿ ಕೂತು ಮತ ಹಾಕು.” ಹೇಳಿದ್ದರೆ ನಿನಗೆ ಒಂದು ಮತ ಖಚಿತವಿತ್ತು. ಮೊನ್ನೆಯ ಸಭೆಯಲ್ಲಿ ಎದ್ದು ನಿಂತೆ, ಬಾಯಿ ತೆರೆದೆ. “ಅವರು ನನ್ನ ಗಂಡ” ಅಂದುಬಿಟ್ಟೆ. ಕ್ಷಮಿಸು. ಗುರುವಾರ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಗೆದ್ದರೂ ಸೋತರೂ ಹಿಂಬಾಗಿಲಿನಿಂದ ದೋಣಿಕಟ್ಟೆಗೆ ಓಡಬೇಡ, ನಾನು ಕೂತ ಬೆಂಚಿನ ಕಡೆಯಿಂದಲೇ ಬಾ.