ತಲೆಯ ಮೇಲೆ ಬಿಸಿಲಿತ್ತು, ಒಳಗೆ ಕರೆಂಟಿರಲಿಲ್ಲ

ನಮ್ಮ ತಾಲ್ಲೂಕಿಗೆ ವಿದ್ಯುತ್ ಹಂಚುವ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಮನೆಯ ತಾರಸಿಯ ಮೇಲೆ ಬೀಳುವ ಬಿಸಿಲು ಯಾರದು? ನಮ್ಮದೇ ಎಂದು ನಿಮ್ಮ ಕಚೇರಿಯವರು ಊರಿಗೇ ಬಂದು ಹೇಳಿ ಹೋದರು. ನಂಬಿದೆವು, ತಾರಸಿಯ ತುಂಬ ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡೆವು. ಕಳೆದ ಬೇಸಿಗೆಯ ಒಂದು ಮಂಗಳವಾರ, ಮಟಮಟ ಮಧ್ಯಾಹ್ನ, ಅಂಗಾಲು ಸುಡುವ ಬಿಸಿಲಿನಲ್ಲಿ, ಅದೇ ಪ್ಯಾನೆಲ್‌ಗಳ ಕೆಳಗೆ ನನ್ನ ಅತ್ತೆಯ ಆಕ್ಸಿಜನ್ ಯಂತ್ರ ನಿಂತುಹೋಯಿತು. ನೀವು ದುರಸ್ತಿಗೆಂದು ಲೈನ್ ತೆಗೆದಿದ್ದಿರಿ. ಲೈನ್ ಹೋದರೆ ತಾರಸಿಯ ಸೋಲಾರ್ ಕೂಡ ತಾನಾಗಿ ನಿಂತುಹೋಗುತ್ತದೆ ಎಂಬ ಒಂದೇ ಒಂದು ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಬಾಯಿಬಿಟ್ಟು ಕೇಳಿದಾಗಲೂ ಹೇಳಲಿಲ್ಲ. ನನ್ನ ದೂರು ಇದು. ಅರ್ಜಿ ಕೊಟ್ಟು, ಫೋನು ಮಾಡಿ, ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಸಾಕಾಗಿ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನ್ನ ಅತ್ತೆಯ ಹೆಸರು ಕುಳ್ಳಮ್ಮ. ಗುರುಪುರದಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಹೊಗೆಸೊಪ್ಪಿನ ಸೀಮೆ. ಸೊಪ್ಪು ಬೇಯಿಸುವ ಎತ್ತರದ ಗೂಡಿಗೆ ನಾವು ಬ್ಯಾರನ್ ಎನ್ನುತ್ತೇವೆ. ಅದರ ಒಲೆಗೆ ಸೌದೆ ಒಟ್ಟಿ, ಬೂದಿ ಬಾಚಿ, ಒಳಗೆ ಶಾಖ ಹರಿಸುವ ತಗಡಿನ ಕೊಳವೆಗಳ ಮಸಿ ಕೊಡವಿ ಅತ್ತೆಯ ಪ್ರಾಯವೆಲ್ಲ ಕಳೆಯಿತು. ಈಗ ಅವರ ಎದೆ ಕೆಲಸ ಮಾಡುವುದಿಲ್ಲ. "ಒಗೆ ಕುಡ್ದು ಕುಡ್ದು ನನ್ನೆದೇನೂ ಬ್ಯಾರನ್ ಕೊಳ್ವೆ ಅಂಗಾಗದೆ ಕಣವ್ವ, ಕೊಡವಕ್ಕೆ ಬರಾಕಿಲ್ಲ ಅಷ್ಟೇಯ" ಎಂದು ಅವರೇ ನಗುತ್ತಾರೆ. ಮನೆಯಲ್ಲೊಂದು ಆಕ್ಸಿಜನ್ ಯಂತ್ರ ಇಟ್ಟು, ಮಲಗಿದ್ದಾಗಲೂ ಎದ್ದಿದ್ದಾಗಲೂ ಮೂಗಿಗೆ ನಳಿಗೆ ಹಾಕಿರಬೇಕೆಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಹಾಗಾಗಿ ನಮ್ಮ ಮನೆಗೆ ಕರೆಂಟ್ ಎಂದರೆ ಫ್ಯಾನೂ ಅಲ್ಲ, ಟೀವಿಯೂ ಅಲ್ಲ, ನನ್ನ ಹೊಲಿಗೆ ಯಂತ್ರದ ಮೋಟರೂ ಅಲ್ಲ. ನಮ್ಮ ಮನೆಗೆ ಕರೆಂಟ್ ಎಂದರೆ ಕುಳ್ಳಮ್ಮ.

ನಾನು ಸೋಲಾರ್ ವಿರೋಧಿಯಲ್ಲ. ದಯವಿಟ್ಟು ನನ್ನನ್ನು ಆ ಖಾನೆಗೆ ತಳ್ಳಬೇಡಿ. ಹೊಗೆ ಮನುಷ್ಯರಿಗೆ ಏನು ಮಾಡುತ್ತದೆಂದು ತಿಳಿಯಲು ನಮಗೆ ಯಾವ ಭಾಷಣವೂ ಬೇಕಿಲ್ಲ, ನಡುಮನೆಯ ಮಂಚದ ಮೇಲೇ ಅದು ಕಾಣುತ್ತದೆ. ಅದಕ್ಕೇ ನೀವು ಹಾಲಿನ ಡೈರಿಯ ಜಗಲಿಯಲ್ಲಿ ಸಭೆ ಕರೆದಾಗ ಎಲ್ಲರಿಗಿಂತ ಮೊದಲು ಹೋಗಿ ಕೂತವಳು ನಾನು. ನಿಮ್ಮ ಕಚೇರಿಯ ಸಾಹೇಬರೊಬ್ಬರು ಬಂದಿದ್ದರು. ಪಕ್ಕದಲ್ಲಿ ಪ್ಯಾನೆಲ್ ಹಾಕುವ ಕಂಪನಿಯವನು, ಟೋಪಿ ಹಾಕಿಕೊಂಡು. ಪರದೆಯ ಮೇಲೆ ಚಿತ್ರ ಓಡಿತು. 'ನಿಮ್ಮ ಮನೆ, ನಿಮ್ಮ ಸೂರ್ಯ, ನಿಮ್ಮ ಕರೆಂಟ್' ಎಂದು ದಪ್ಪಕ್ಷರದಲ್ಲಿ ಬಂತು. ನಾನು ಎದ್ದು ನಿಂತು ಕೇಳಿದೆ, "ಸಾರ್, ನಮ್ಮತ್ತೆಗೆ ಆಕ್ಸಿಜನ್ ಮಿಷಿನ್ ಹಾಕಿದೀವಿ. ಕರೆಂಟ್ ಹೋದ್ರೆ ಏನ್ಮಾಡೋದು?" ಟೋಪಿಯವನು ಹಲ್ಲು ಬಿಟ್ಟು, "ಬಿಸ್ಲು ಇರೋಗಂಟ ನಿಮ್ಗೇನು ಯೋಚ್ನೆ ಮೇಡಂ?" ಎಂದ. ನಿಮ್ಮ ಸಾಹೇಬರು ಪಕ್ಕದಲ್ಲೇ ಕೂತು ತಲೆ ಆಡಿಸಿದರು.

ಆ ತಲೆ ಆಡಿಸಿದ್ದನ್ನು ನಾನು ಮರೆಯಲಾರೆ. ಟೋಪಿಯವನದು ವ್ಯಾಪಾರ, ಬಿಡಿ, ಅವನು ಹಾಗೇ ಮಾತಾಡುತ್ತಾನೆ. ಆದರೆ ಪಕ್ಕದಲ್ಲಿ ಸರ್ಕಾರದ ಜೀಪಿನಲ್ಲಿ ಬಂದವರು ಕೂತಿದ್ದಾರಲ್ಲ ಎಂದೇ ತಾನೇ ನಾವು ನಂಬಿದ್ದು? ಅವರಿಗೆ ವಿಷಯ ಗೊತ್ತಿರಲಿಲ್ಲವೆಂದರೆ ಸಭೆಗೆ ಯಾಕೆ ಬಂದರು? ಗೊತ್ತಿತ್ತೆಂದರೆ ಬಾಯಿ ಯಾಕೆ ಬಿಡಲಿಲ್ಲ? ಇವೆರಡರಲ್ಲಿ ಯಾವುದು ನಿಜವಾದರೂ ನಿಮ್ಮ ಕಚೇರಿಗೆ ಶೋಭೆಯಲ್ಲ.

ಆಮೇಲೆ ನಾವು ಮಾಡಿದ್ದನ್ನೂ ಹೇಳುತ್ತೇನೆ, ನೀವು ನಗಬಹುದು. ಮನೆಯಲ್ಲಿ ಒಂದು ಹಳೆಯ ಯುಪಿಎಸ್ ಇತ್ತು, ಬ್ಯಾಟರಿ ಸಮೇತ. ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಹರಿಸುವ ಸೋಲಾರ್ ಪೆಟ್ಟಿಗೆ ಕೂರಿಸಲು ಗೋಡೆಯಲ್ಲಿ ಜಾಗ ಬೇಕೆಂದು ಕಂಪನಿಯ ಹುಡುಗರು ಅದನ್ನು ಬಿಚ್ಚಿ ಕೆಳಗಿಟ್ಟರು. ಇನ್ನು ಅದರ ಕೆಲಸವೇನು ಎಂದು ನನ್ನ ಗಂಡ ಶಿವಶಂಕರ್ ಅದನ್ನು ಹುಣಸೂರಿನ ಗುಜರಿಗೆ ಹಾಕಿ ಬಂದರು. ಹಾಸಿಗೆ ಪಕ್ಕ ಇರುತ್ತಿದ್ದ ಚಿಕ್ಕ ಆಕ್ಸಿಜನ್ ಸಿಲಿಂಡರನ್ನೂ ವಾಪಸ್ ಕೊಟ್ಟೆವು. ಬ್ಯಾರನ್ ನಡೆಸಿದ ಜನ ನಾವು. ನಮ್ಮ ಒಲೆಯಲ್ಲಿ ನಮ್ಮ ಸೌದೆ ಉರಿದರೆ ಅದರ ಶಾಖ ನಮ್ಮ ಗೂಡಿಗೇ ಬರುತ್ತದೆ. ಊರಿನ ಇನ್ನೊಂದು ಒಲೆ ಆರಿದರೆ ನಮ್ಮದು ಆರುವುದಿಲ್ಲ. ಸೋಲಾರ್ ಕೂಡ ಹಾಗೇ ಎಂದುಕೊಂಡೆವು.

ಇನ್ನು ಆ ಮಂಗಳವಾರ. ನಾನು ಜಗಲಿಯಲ್ಲಿ ಕೂತು ಒಂದು ರವಿಕೆಗೆ ಕೊಕ್ಕೆ ಹಚ್ಚುತ್ತಿದ್ದೆ. ಒಳಗೆ ಯಂತ್ರ ಕೀ ಎಂದು ಕೂಗಿಕೊಂಡಿತು. ಕರೆಂಟ್ ನಿಂತರೆ ಅದು ಹಾಗೆ ಕೂಗುತ್ತದೆ. ಓಡಿ ಹೋಗಿ ನೋಡಿದರೆ ಅತ್ತೆ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಯಲ್ಲಿ ಹಾಸಿಗೆ ಹಿಡಿದುಕೊಂಡಿದ್ದಾರೆ, ಬಾಯಿ ತೆರೆದಿದೆ. ಮೇನ್ ಸ್ವಿಚ್ ಹಾಕಿ ತೆಗೆದೆ. ಏನೂ ಇಲ್ಲ. ಹೊರಗೆ ಬಂದು ನೋಡಿದರೆ ಬಿಸಿಲು ರಣರಣ ಹೊಡೆಯುತ್ತಿದೆ. ಶಿವಶಂಕರ್ ಹೊಲದಿಂದ ಓಡಿ ಬಂದವರು ಒಳಗೆ ಒಂದು ಸಲ ಇಣುಕಿ, ಕೊಡದಲ್ಲಿ ನೀರು, ಒಂದು ಹಳೇ ಪಂಚೆ ತೆಗೆದುಕೊಂಡು ಏಣಿ ಹತ್ತಿಬಿಟ್ಟರು.

ಯಾಕೆ ಗೊತ್ತೇ? ಪ್ಯಾನೆಲ್ ಒರೆಸಲು. ಬ್ಯಾರನ್ನಿನಲ್ಲಿ ಒಲೆ ಉರಿಯುತ್ತಿದ್ದೂ ಒಳಗೆ ಶಾಖ ಏರದಿದ್ದರೆ ಕೊಳವೆಗೆ ಮಸಿ ಕಟ್ಟಿದೆ ಎಂದೇ ಅರ್ಥ. ಮೊದಲು ಕೊಳವೆ ಕೊಡವಬೇಕು. ಅವರಪ್ಪ ಕಲಿಸಿದ್ದು ಅದು. ಮೇಲೆ ಬಿಸಿಲಿದೆ, ಕೆಳಗೆ ಕರೆಂಟಿಲ್ಲ, ಅಂದಮೇಲೆ ಪ್ಯಾನೆಲ್‌ಗೆ ಧೂಳು ಕೂತಿದೆ. ಪಕ್ಕದ ಮನೆಯ ಸೋಮಶೇಖರ್ ಅವರಿಗೂ ಅದೇ ಸರಿ ಅನ್ನಿಸಿ, ಅವರೂ ಒಂದು ಬಟ್ಟೆ ಹಿಡಿದು ಹತ್ತಿದರು. "ಇನ್ನೊಂದ್ ಕೊಡ ನೀರ್ ಕೊಡಮ್ಮೀ!" ಎಂದು ನನ್ನ ಗಂಡ ಮೇಲಿನಿಂದ ಕೂಗುತ್ತಾರೆ. "ಈಗ ಬತ್ತದೆ ನೋಡು, ಈಗ ಬತ್ತದೆ!" ಕೆಳಗೆ ನಾನು ಅತ್ತೆಯ ಬೆನ್ನು ಸವರುತ್ತಾ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದೇನೆ. ಅವರ ತುಟಿ ನೀಲಿಯಾಗುತ್ತಿದೆ. ಮೇಲೆ ಇಬ್ಬರು ಗಂಡಸರು ಕನ್ನಡಿಯಂತೆ ಹೊಳೆಯುತ್ತಿದ್ದ ಪ್ಯಾನೆಲ್‌ಗಳನ್ನು ಇನ್ನೂ ತಿಕ್ಕುತ್ತಿದ್ದಾರೆ. ಮಾನ್ಯರೇ, ಆ ಹೊತ್ತು ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ. ಗಂಡನ ಮೇಲೆ ಅಲ್ಲ. ಅವರು ತಮಗೆ ಗೊತ್ತಿದ್ದ ಒಂದೇ ಒಂದು ಕೆಲಸವನ್ನು ಮಾಡುತ್ತಿದ್ದರು. ಗೊತ್ತಿಲ್ಲದಿದ್ದುದನ್ನು ಹೇಳಬೇಕಾಗಿದ್ದವರು ಬೇರೆ.

ಎದುರು ಮನೆಯ ರಾಚಮ್ಮ ಬಂದು ಒಳಗೆ ನೋಡಿದವರೇ ತಾರಸಿಯ ಕಡೆಗೆ ಮುಖ ಎತ್ತಿ ಬಾಯಿ ಮಾಡಿದರು. "ಲೇ ಸಿವಶಂಕರ, ನಿಮ್ಮವ್ವ ಓಯ್ತಾವ್ಳೆ ಕಣ್ಲಾ, ಅದ್ನೇನ್ಲಾ ತಿಕ್ತಾ ಕೂತಿದ್ದೀ! ಇಳಿಲಾ ಕೆಳಿಕೆ!" ಆಗ ಇಳಿದರು. ಸೋಮಶೇಖರ್ ಅವರ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಅತ್ತೆಯನ್ನು ಮಲಗಿಸಿಕೊಂಡು ಹೊರಟೆವು. ಹುಣಸೂರಿನ ತನಕ ಆಗುವುದಿಲ್ಲವೆಂದು ದಾರಿಯಲ್ಲೇ ಗೊತ್ತಾಯಿತು. ಟಿಬೆಟಿಯನ್ ಕ್ಯಾಂಪಿನ ಚಿಕ್ಕ ಆಸ್ಪತ್ರೆಯ ಮುಂದೆ ಆಟೋ ನಿಲ್ಲಿಸಿದೆವು. ಅಲ್ಲಿನ ನರ್ಸಮ್ಮ ಹೆಸರು ಕೇಳಲಿಲ್ಲ, ಚೀಟಿ ಕೇಳಲಿಲ್ಲ. ಸಿಲಿಂಡರ್ ತಂದು ಆಟೋದಲ್ಲೇ ಹಚ್ಚಿದರು. ಅತ್ತೆ ಉಳಿದರು. ಅವರು ಉಳಿದದ್ದರಿಂದಲೇ ಈ ಪತ್ರದಲ್ಲಿ ವ್ಯಂಗ್ಯವಾಡುವಷ್ಟು ಜೀವ ನನಗಿದೆ.

ಮಾರನೆಯ ವಾರ ನಿಮ್ಮ ಕಚೇರಿಗೆ ಬಂದೆ. ಒಳಗಿದ್ದವರು ತಾಳ್ಮೆಯಿಂದಲೇ ವಿವರಿಸಿದರು. ನಮ್ಮ ಸೋಲಾರ್ ನಿಮ್ಮ ಲೈನಿಗೆ ಸೇರಿಕೊಂಡಿದೆಯಂತೆ. ಲೈನ್ ತೆಗೆದು ಕಂಬದ ಮೇಲೆ ಕೆಲಸ ಮಾಡುವಾಗ ನಮ್ಮ ಪ್ಯಾನೆಲ್ ಕರೆಂಟ್ ಹರಿಸುತ್ತಿದ್ದರೆ ಕಂಬದ ಮೇಲಿನವನು ಸತ್ತೇ ಹೋಗುತ್ತಾನಂತೆ. ಅದಕ್ಕೆ ಪೆಟ್ಟಿಗೆ ತಾನಾಗಿ ನಿಲ್ಲುತ್ತದೆ. "ಸೇಫ್ಟಿಗೆ ಕಣಮ್ಮ, ಇದು ಎಲ್ಲರಿಗೂ ಗೊತ್ತಿರೋ ವಿಷಯ" ಎಂದರು. ಎಲ್ಲರಿಗೂ! ಊರಿಗೆ ಊರೇ ಗೊತ್ತಿಲ್ಲದೆ ಕೂತಿದ್ದು, ಇಬ್ಬರು ಬಟ್ಟೆ ಹಿಡಿದು ತಾರಸಿ ಹತ್ತಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ.

ಆ ಕಾರಣ ಸರಿಯಾದದ್ದೇ. ಒಪ್ಪುತ್ತೇನೆ. ಒಪ್ಪಲೇಬೇಕು, ಯಾಕೆಂದರೆ ಆ ದಿನ ಕಂಬದ ಮೇಲಿದ್ದವನು ಚಿಕ್ಕಮಾದು, ನಮ್ಮೂರಿನವನೇ, ನಿಮ್ಮ ಲೈನ್‌ಮನ್. ನಾನು ಮದುವೆಯಾಗಿ ಬಂದಾಗಿನಿಂದ ನನ್ನನ್ನು ಅಕ್ಕಾ ಎನ್ನುವವನು. ಅತ್ತೆ ಮನೆಗೆ ಬಂದ ಸಂಜೆ ಅವನು ಬಾಗಿಲಲ್ಲಿ ನಿಂತ. ಒಳಗೆ ಬರಲೇ ಇಲ್ಲ. "ನಾನೇ ಕಣಕ್ಕಾ ಲೈನ್ ತೆಗ್ದಿದ್ದು. ಯುಪಿಎಸ್ ತೆಗ್ದವ್ರೆ ಅಂತ ಒಂದ್ ಮಾತ್ ಮೊದ್ಲೇ ಗೊತ್ತಾಗಿದ್ರೆ ಮನೆತಾವ್ಕೇ ಬಂದು ಯೋಳಿ ಓಯ್ತಿದ್ನಲ್ಲಕ್ಕಾ" ಎಂದು ಅತ್ತ. ಅತ್ತೆ ಮಂಚದಿಂದಲೇ, "ಬುಡ್ಲಾ, ನೀ ಸತ್ತು ನಾ ಬದ್ಕಿ ಏನ್ ಮಾಡ್ಬೇಕಾಗಿತ್ತು? ಬಾ ಒಳಿಕೆ, ಕಾಪಿ ಕುಡ್ದೋಗು" ಎಂದರು. ಇಬ್ಬರೂ ಬದುಕುವ ದಾರಿಯೊಂದು ಇರಬಹುದೆಂದು ಆ ಇಬ್ಬರಿಗೂ ಯಾರೂ ಹೇಳಿರಲಿಲ್ಲ. ದಾರಿ ಇದೆ, ಮಾನ್ಯರೇ. ಲೈನಿನಿಂದ ಮನೆಯನ್ನು ಬೇರೆ ಮಾಡಿ, ಬ್ಯಾಟರಿಯ ಜೊತೆ ಮನೆಯೊಳಗಷ್ಟೇ ನಡೆಯುವ ಪೆಟ್ಟಿಗೆಯೂ ಸಿಗುತ್ತದೆಂದು ಆಮೇಲೆ ತಿಳಿಯಿತು. ಕಂಬದ ಮೇಲಿನವನಿಗೆ ಅದರಿಂದ ಅಪಾಯವಿಲ್ಲ. ಸಭೆಯಲ್ಲಿ ಹೇಳಿದ್ದರೆ ಅದನ್ನೇ ಹಾಕಿಸುತ್ತಿದ್ದೆವು. ಈಗ ಬದಲಿಸಬೇಕೆಂದರೆ ಮತ್ತೆ ಅರ್ಜಿ, ಮತ್ತೆ ತಪಾಸಣೆ. ಟೋಪಿಯವನಂತೂ ಫೋನೇ ಎತ್ತುವುದಿಲ್ಲ.

ಲೈನ್ ತೆಗೆಯುವುದನ್ನು ಮುಂಚೆಯೇ ಮೆಸೇಜಿನಲ್ಲಿ ತಿಳಿಸಿದ್ದೆವು ಎಂದೂ ನಿಮ್ಮವರು ಹೇಳಿದರು. ಯಾರಿಗೆ ತಿಳಿಸಿದಿರಿ ಎಂದು ಕೇಳಿದೆ. ಹುಡುಕಿ ನೋಡಿದರೆ ನನ್ನ ಮಾವ ನಂಜುಂಡಸ್ವಾಮಿಯವರ ನಂಬರಿಗೆ. ಮೀಟರನ್ನು ಗಂಡನ ಹೆಸರಿಗೆ ಮಾಡಿಸಿದಾಗ ನಂಬರನ್ನೂ ಬದಲಿಸಿ ಎಂದು ಬರೆದುಕೊಟ್ಟಿದ್ದೆವು. ನೀವು ಬದಲಿಸಲಿಲ್ಲ. ಮಾವ ತೀರಿಹೋಗಿ ವರ್ಷಗಳಾದವು. ಇಂಗ್ಲಿಷಿನಲ್ಲಿ ಕಳಿಸಿದ್ದೀರಂತೆ. ಬದುಕಿದ್ದಾಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೋದ ಮೇಲೆ ಕಲಿತಿದ್ದರೆ ಓದಿಕೊಂಡು, ಪಾಪ, ಹೆಂಡತಿಗಾಗಿ ಅಲ್ಲೇ ಚಡಪಡಿಸಿರಬೇಕು.

ಈಚೆಗೆ ನಿಮ್ಮ ಕಚೇರಿಯ ಗೋಡೆಯ ಮೇಲೆ 'ಗ್ರಾಹಕ ಸಬಲೀಕರಣ' ಎಂದು ಬರೆಸಿದ್ದೀರಿ, ಚೆನ್ನಾಗಿದೆ. ನಗುವ ಹೆಂಗಸಿನ ಚಿತ್ರವೂ ಇದೆ. ಅವಳ ಮನೆಯಲ್ಲಿ ಯಾರಿಗೂ ಉಸಿರಿನ ತೊಂದರೆ ಇದ್ದಂತಿಲ್ಲ. ಸಬಲೀಕರಣವೆಂದರೆ ಏನೆಂದು ನನ್ನನ್ನು ಕೇಳಿದರೆ, ನಾನು ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಗುವುದು. ಅಷ್ಟೇ. ಹೊಸ ಕಾಲದ ಕರೆಂಟು ಹೊಸ ಪೆಟ್ಟಿಗೆ, ಹೊಸ ಮೀಟರು, ಹೊಸ ಮಾತು ಎಲ್ಲವನ್ನೂ ತರುತ್ತದೆ. ಅದು ಎಲ್ಲಿ ಕೈಕೊಡುತ್ತದೆ ಎಂಬ ತಿಳಿವನ್ನು ಮಾತ್ರ ಯಾಕೆ ಕಚೇರಿಯ ಬೀರುವಿನಲ್ಲೇ ಇಟ್ಟುಕೊಳ್ಳುತ್ತೀರಿ? ನಮ್ಮ ತಾರಸಿ ಬೇಕು, ನಮ್ಮ ಸಹಿ ಬೇಕು, ಪೇಪರಿಗೆ ನಮ್ಮ ಫೋಟೋ ಬೇಕು. ನಮ್ಮ ಮನೆಯೊಳಗೆ ಯಾರು ಮಲಗಿದ್ದಾರೆಂಬುದು ಬೇಡವೇ?

ಸದ್ಯಕ್ಕೆ ನಮ್ಮ ಬೀದಿಯೇ ದಾರಿ ಕಂಡುಕೊಂಡಿದೆ. ಸೊಪ್ಪು ಬೇಯುವಾಗ ಬ್ಯಾರನ್ನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವುದಿಲ್ಲ. ಬೆಂಕಿ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಒಬ್ಬರಾದಮೇಲೆ ಒಬ್ಬರು ಸರದಿಯಲ್ಲಿ ಕಾಯುತ್ತೇವೆ, ಸೊಪ್ಪು ಯಾರದೇ ಆಗಿರಲಿ. ಈಗ ಅದೇ ಸರದಿಯಲ್ಲಿ ಕುಳ್ಳಮ್ಮನನ್ನು ಕಾಯುತ್ತಿದ್ದೇವೆ. ನಾನು ಹೊರಗೆ ಹೋದರೆ ರಾಚಮ್ಮ, ಅವರಾದಮೇಲೆ ಸೋಮಶೇಖರ್ ಅವರ ಸೊಸೆ ರಮ್ಯ. ಸಿಲಿಂಡರ್ ಮತ್ತೆ ತಂದಿದ್ದೇವೆ, ಆದರೆ ಅದು ಬೇಗ ಮುಗಿಯುತ್ತದೆ. ಆಟೋ ಯಾವಾಗಲೂ ಬೀದಿಗೆ ಮುಖ ಮಾಡಿ ನಿಂತಿರುತ್ತದೆ. ಫ್ಯಾನ್ ನಿಧಾನವಾದರೂ ಅತ್ತೆಯ ಕೈ ಹಾಸಿಗೆಯನ್ನು ಹಿಡಿದುಕೊಳ್ಳುತ್ತದೆ.

ನಾನು ಕೇಳುವುದು ಹೆಚ್ಚಲ್ಲ. ಸೋಲಾರ್ ಹಾಕುವ ಮೊದಲು ಪ್ರತಿ ಮನೆಯ ಬಾಗಿಲಲ್ಲೂ ನಿಮ್ಮವರು ನಿಂತು, ಲೈನ್ ಹೋದರೆ ಇದೂ ಹೋಗುತ್ತದೆ, ಹಾಗಾಗಬಾರದೆಂದರೆ ಬ್ಯಾಟರಿಯ ಪೆಟ್ಟಿಗೆ ಹಾಕಿಸಿ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು. ಉಸಿರಿನ ಯಂತ್ರ, ಡಯಾಲಿಸಿಸ್ ಯಂತ್ರ ಇಂಥವಿರುವ ಮನೆಗಳು ಯಾವುವೆಂದು ನಿಮ್ಮ ಲೈನ್‌ಮನ್‌ಗೆ ಗೊತ್ತಿರಬೇಕು. ಆ ಮನೆಗಳಲ್ಲಿ ಬದುಕಿರುವವರಿಗೆ ತಿಳಿಸಿದ ಮೇಲೆ ಅವನು ಕಂಬ ಹತ್ತಬೇಕು. ನಮ್ಮಂತೆ ಮೋಸಹೋದವರ ಪೆಟ್ಟಿಗೆಯನ್ನು ನಮ್ಮನ್ನು ಅಲೆಸದೆ ಬದಲಿಸಬೇಕು. ಈ ತಿಂಗಳೊಳಗೆ ಆಗಬೇಕು, ಮುಂದಿನ ದುರಸ್ತಿಗೆ ನೀವು ಲೈನ್ ತೆಗೆಯುವ ಮೊದಲು.

ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಬೈದಿದ್ದು ಸಾಕು ಕಣವ್ವ" ಎಂದರು. ಸ್ವಲ್ಪ ಉಸಿರು ಎಳೆದುಕೊಂಡು, "ಆ ಸಾಯೇಬ್ರಿಗೂ ಒಂದ್ ಸರದಿ ಆಕು. ಬಂದು ನನ್ ಪಕ್ಕ ಕೂತ್ಕಳ್ಲಿ. ಆಮ್ಯಾಲೆ ಎಂಗೆ ತಲೆ ಆಡುಸ್ತಾರೆ ನೋಡವ" ಎಂದರು.

ಅದರಂತೆ ಮಂಗಳವಾರ ಮಧ್ಯಾಹ್ನದ ಸರದಿಗೆ ಯಾರನ್ನೂ ಹಾಕಿಲ್ಲ. ಮಂಚದ ಪಕ್ಕ ಸ್ಟೂಲ್ ಇದೆ, ಬೀಸಣಿಗೆ ಅದರ ಮೇಲೇ ಇದೆ. ಆ ಸಾಹೇಬರೋ ನೀವೋ ಬರುವ ತನಕ ಅಲ್ಲಿ ನಾನೇ ಕೂತಿರುತ್ತೇನೆ.

ಇಂತಿ,
ಮಟಮಟ ಮಧ್ಯಾಹ್ನ ಕರೆಂಟಿಗೆ ಕಾಯುವ ಸೋಲಾರ್ ಮನೆಯ ಸೊಸೆ,
ಯಶೋಧರಾ
ಗುರುಪುರದ ಒಳರಸ್ತೆ, ಹುಣಸೂರು ತಾಲ್ಲೂಕು