ಐದನೆಯ ಸರದಿ

ಭಾನುವಾರ, ಜುಲೈ ೧೪
ಊಟವಾದ ಮೇಲೆ

ಮಗಳೇ,

ನಿನಗೂ ಅಳಿಯಂದಿರಿಗೂ ಪುಟ್ಟಿಗೂ ನನ್ನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ನನಗೆ ಹೆದರದೆ ಇರುವುದು ಅದೊಂದೇ ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ನಿನ್ನ ಕಾಗದ ಗುರುವಾರ ಬಂತು. ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ನಾನು ಶುರುಮಾಡಿದರೆ ನೀನು "ಬಿಡಮ್ಮಾ, ಹೋಗ್ಲಿ" ಅನ್ನುತ್ತೀಯ, ನನಗೂ ಅಷ್ಟೇ ಬೇಕಾಗಿರುತ್ತದೆ, ಬಿಟ್ಟುಬಿಡುತ್ತೇನೆ. ಕಾಗದವಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಪುಟ್ಟಿ ಶಾಲೆಯ ವಾಲಿಬಾಲ್ ತಂಡಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ, ಶುಕ್ರವಾರದೊಳಗೆ ಒಪ್ಪಿಗೆಯ ಫಾರಂ ಕೊಡಬೇಕು, ನೀನು ಸಹಿ ಹಾಕಿಲ್ಲ. "ಅಜ್ಜಿ ಮಾತಂದ್ರೆ ಕೇಳ್ತಾಳೆ, ಬೇಡ ಅಂತ ನೀನೇ ಒಂದು ಸಾಲು ಬರೆದುಬಿಡು" ಎಂದಿದ್ದೀಯ. ಕಾರಣವನ್ನೂ ಬರೆದಿದ್ದೀಯ: "ಅವಳದ್ದೂ ನನ್ನ ತಲೆಯೇ. ಆರರವರೆಗೆ ಎಣಿಸೋಕೆ ಬರದೆ ಇನ್ನೈದು ಹುಡುಗಿಯರನ್ನ ಮುಳುಗಿಸ್ತಾಳೆ." ಕೊನೆಗೆ ಒಂದು ಚುಚ್ಚುಮಾತು ಬೇರೆ: ಇಪ್ಪತ್ತಾರು ವರ್ಷ ಹುಡುಗಿಯರ ಹಿಂದೆ ಸೀಟಿ ಊದಿ ನೀನು ಕಲಿತದ್ದಾದರೂ ಏನಮ್ಮಾ ಎಂದು.

ಕೇಳಿದ್ದೀಯ, ಹೇಳುತ್ತೇನೆ.

ಹತ್ತನೆಯ ತರಗತಿಗೆ ಓದು ಮುಗಿಸಿದ ಹೊಲಿಗೆ ಟೀಚರನ್ನು ಮೈದಾನಕ್ಕೆ ತಳ್ಳಿದವರು ಆಗಿನ ಹೆಡ್ ಮಿಸ್ಟ್ರೆಸ್. ಆಟದ ಮೇಷ್ಟ್ರು ಕೆಲಸ ಬಿಟ್ಟುಹೋಗಿದ್ದರು. "ನಿಮ್ಮ ಗಂಟಲು ಜೋರಾಗಿದೆ, ನೀವೇ ನಿಂತ್ಕೊಳ್ಳಿ" ಎಂದರು. ನಿಂತೆ. ನಿಯಮದ ಪುಸ್ತಕವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಹೊಲಿಗೆ ಕ್ಲಾಸಿನಿಂದ ನಿವೃತ್ತಿಯಾಗಿ ಐದು ವರ್ಷವಾದರೂ ಸೀಟಿಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಬಿದ್ದ ಹುಡುಗಿಯನ್ನು ಎತ್ತಲು ಓಡಬಾರದು ಎಂಬುದು ನಾನು ಮೊದಲು ಕಲಿತದ್ದು. ಮನಸ್ಸಿನಲ್ಲೇ ಮೂರು ಎಣಿಸಬೇಕು. ಅಷ್ಟರಲ್ಲಿ ಹತ್ತಕ್ಕೆ ಒಂಬತ್ತು ಜನ ತಾವೇ ಎದ್ದು ಲಂಗದ ಮಣ್ಣು ಕೊಡವಿಕೊಳ್ಳುತ್ತಾರೆ. ಉದ್ದವಿರುವವಳು ಮಂಡಿ ಬಗ್ಗಿಸಲು ಕಲಿಯದಿದ್ದರೆ ದೀಪದ ಕಂಬಕ್ಕೂ ಅವಳಿಗೂ ವ್ಯತ್ಯಾಸವಿಲ್ಲ. ಬೆಂಚಿನ ಮೇಲೆ ಕುಳಿತವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರೆ ಅವಳ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಬೇಕು, ಏನೂ ಕೇಳಬಾರದು.

ಇನ್ನೊಂದು ಪದ್ಧತಿ ಇದೆ, ನಿನ್ನ ಕಾಲದಲ್ಲಿ ಇರಲಿಲ್ಲ. ತಪ್ಪು ಮಾಡಿದವಳು ಯಾರೂ ಕೇಳುವ ಮೊದಲೇ ಕೈ ಎತ್ತಬೇಕು. ಎತ್ತಿದರೆ ಮುಗಿಯಿತು, ಬೈಗುಳವಿಲ್ಲ. ಎತ್ತದಿದ್ದರೆ ಮೈದಾನದ ಸುತ್ತ ಹತ್ತು ಸುತ್ತು ಓಡಬೇಕು. ಇದನ್ನು ತಂದದ್ದು ನೀನು ಆಟ ಬಿಟ್ಟ ವರ್ಷ. ಕಳೆದ ತಿಂಗಳು ಹೊಸದಾಗಿ ಸೇರಿದ ಒಬ್ಬಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ, ನೀರು ಕುಡಿಯುತ್ತಾ ಕೇಳಿದಳು: "ಟೀಚರ್, ನೀವು ಯಾವತ್ತೂ ಕೈ ಎತ್ತಿದ್ದೇ ನೋಡಿಲ್ವಲ್ಲ, ನಿಮ್ಮಿಂದ ತಪ್ಪೇ ಆಗಲ್ವಾ?" "ನಿನ್ನ ಬಾಟಲಿ ಮುಚ್ಚಳ ಹಾಕು" ಎಂದೆ. ಆಮೇಲೆ ನಿನ್ನ ಕಾಗದ ಬಂತು.

ಈಗ ನೀನು ಕೊನೆಯ ಸಲ ಆಡಿದ ಆ ಫೈನಲ್ ಮ್ಯಾಚಿನ ವಿಷಯಕ್ಕೆ ಬರುತ್ತೇನೆ. ಅದರ ಮಾತು ಎತ್ತಿದರೆ ನೀನು ಅಡುಗೆಮನೆಗೆ ಎದ್ದುಹೋಗುತ್ತೀಯ. ಈಗ ಹೋಗಬೇಡ.

ಹೊಲಿಗೆ ಕ್ಲಾಸಿನಲ್ಲಿ ಸೂಜಿಗೆ ದಾರ ಪೋಣಿಸುವುದೇ ಮೊದಲ ಪಾಠ ಎಂದು ನಾನು ಹುಡುಗಿಯರಿಂದ ದಿನಾ ಹತ್ತಾರು ಸೂಜಿ ಪೋಣಿಸಿಕೊಳ್ಳುತ್ತಿದ್ದದ್ದು ನಿನಗೆ ನೆನಪಿದೆಯಲ್ಲ? ಎಂಥಾ ಶಿಸ್ತು ಎಂದು ಊರೆಲ್ಲ ಹೊಗಳುತ್ತಿತ್ತು. ಅದು ಶಿಸ್ತಲ್ಲ, ಮಗಳೇ. ನನಗೆ ಚಾಳೀಸು ಬಂದಿತ್ತು. ಸೂಜಿಯ ಕಣ್ಣು ಕಾಣಿಸುತ್ತಿರಲಿಲ್ಲ. ಕನ್ನಡಕ ಹಾಕಿದರೆ ಮುದುಕಿಯಾದಳು ಅನ್ನುತ್ತಾರೆಂದು ಎರಡು ವರ್ಷ ಯಾರಿಗೂ ಹೇಳಲಿಲ್ಲ, ನಿಮ್ಮಪ್ಪನಿಗೂ.

ಪ್ರತಿ ಸೆಟ್ಟಿಗೂ ಮೊದಲು ಯಾರ ನಂತರ ಯಾರು ಸರ್ವ್ ಮಾಡಬೇಕೆಂದು ಆರು ಜನರ ನಂಬರನ್ನು ಚೀಟಿಯಲ್ಲಿ ಬರೆದು ರೆಫರಿಗೆ ಕೊಡಬೇಕು. ಒಮ್ಮೆ ಕೊಟ್ಟರೆ ಚೀಟಿಯಲ್ಲಿ ಇದ್ದದ್ದೇ ಸರಿ. ಆ ಸರದಿ ಬಿಟ್ಟು ಯಾರು ಸರ್ವ್ ಮಾಡಿದರೂ ಪಾಯಿಂಟ್ ಎದುರಿನವರಿಗೆ. ಆರು ತಿಂಗಳಿಂದ ನಮ್ಮ ಕ್ರಮ ಒಂದೇ: ಐದನೆಯವಳು ನೀನು, ನಂಬರ್ ಎಂಟು. ಆರನೆಯವಳು ನಿನ್ನ ಗೆಳತಿ ಕಡ್ಡಿ, ನಂಬರ್ ಮೂರು. ಕೊನೆಯ ಸೆಟ್ಟಿನ ಚೀಟಿಯನ್ನು ನಾನು ನನ್ನ ಪಟ್ಟಿ ನೋಡಿ ನಕಲು ಮಾಡಿದೆ. ಮಂಜುಗಣ್ಣಿಗೆ ಎಂಟು ಮೂರಾಯಿತು, ಮೂರು ಎಂಟಾಯಿತು.

ನೀವಿಬ್ಬರೂ ಎಂದಿನ ಜಾಗದಲ್ಲಿ ನಿಂತಿರಿ. ಚೀಟಿಗೂ ನಿಮಗೂ ತಾಳೆಯಾಗುತ್ತಿಲ್ಲವೆಂದು ರೆಫರಿ ನನ್ನನ್ನು ಕೇಳಿದರು. ಹುಡುಗಿಯರೇ ಗಡಿಬಿಡಿಯಲ್ಲಿ ತಪ್ಪಾಗಿ ನಿಂತಿದ್ದಾರೆ ಎಂದೆ. ಹಾಗೆಂದೇ ನಂಬಿದ್ದೆ. ನಿಮ್ಮಿಬ್ಬರ ಜಾಗ ಬದಲಾಯಿಸಿದರು. ನೀನು ಓಡಿಬಂದು, "ಅಮ್ಮಾ, ಹಾಗಾದ್ರೆ ನಾನು ಎಷ್ಟನೆಯವಳು?" ಎಂದು ಕೇಳಿದೆ. ನಾನು ಏನೆಂದೆ ಎಂಬುದು ನಿನಗೂ ನೆನಪಿರಬೇಕು: "ಗ್ರೌಂಡಲ್ಲಿ ನಾನು ಅಮ್ಮ ಅಲ್ಲ, ಟೀಚರ್. ಹೋಗಿ ಹೇಳಿದ ಕಡೆ ನಿಂತ್ಕೋ."

ಹದಿಮೂರು-ಹನ್ನೆರಡು. ನಾವೇ ಮುಂದೆ, ಇನ್ನೆರಡು ಪಾಯಿಂಟ್ ಸಾಕು. ಐದನೆಯ ಸರದಿ ಬಂತು. ಆರು ತಿಂಗಳ ಅಭ್ಯಾಸ, ನಿನ್ನ ಕೈ ತಾನಾಗಿ ಚೆಂಡು ಎತ್ತಿಕೊಂಡಿತು. ಆ ಸರ್ವ್ ನಾನು ಮರೆತಿಲ್ಲ. ನೆಟ್ಟಿನ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ಹಾರಿ ಮೂಲೆಯಲ್ಲಿ ಬಿತ್ತು, ಎದುರಿನ ಒಬ್ಬಳೂ ಮುಟ್ಟಲಿಲ್ಲ. ನೀವೆಲ್ಲ ಕುಣಿದಿರಿ. ಆಗ ಅಂಕ ಬರೆಯುವ ಮೇಜಿನಿಂದ ಗಂಟೆ ಬಾರಿಸಿದರು. ಸರದಿ ಕಡ್ಡಿಯದ್ದಾಗಿತ್ತು. ಪಾಯಿಂಟ್ ಅವರಿಗೆ ಹೋಯಿತು, ಅದರ ಹಿಂದೆಯೇ ಇನ್ನೆರಡು. ಕಪ್ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ, ಎಲ್ಲರ ಮುಂದೆ, ಆರರವರೆಗೆ ಎಣಿಸಲು ಬಾರದವಳು ಆಟಕ್ಕೆ ಯಾಕೆ ಬರಬೇಕು ಎಂದೆ. ಆಮೇಲೆ ಚೀಟಿಯ ಕಾರ್ಬನ್ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೈ ಉದ್ದ ಚಾಚಿ ನೋಡಿದೆ. ಆಗ ನನಗೆ ಗೊತ್ತಾಯಿತು. ನೀನು ಎರಡು ಸೀಟು ಮುಂದೆ, ಕಡ್ಡಿಯ ಭುಜಕ್ಕೆ ತಲೆಯಿಟ್ಟು ಕುಳಿತಿದ್ದೆ. ಎದ್ದು ಬರಬಹುದಿತ್ತು. ಬರಲಿಲ್ಲ. ಮರುದಿನ ನೀನು ಎಂಟನೆಯ ನಂಬರಿನ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ನನ್ನ ಹೊಲಿಗೆ ಮೇಜಿನ ಮೇಲೆ ಇಟ್ಟುಹೋದೆ. ಆ ಅಂಗಿಯನ್ನು ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ. ಹರಿದಿದೆ ಎಂದು ಪ್ರತಿ ವರ್ಷ ಪಟ್ಟಿಯಲ್ಲಿ ಬರೆಯುತ್ತೇನೆ.

ನಿನ್ನ ತಲೆ ಚೆನ್ನಾಗಿತ್ತು, ಮಗಳೇ. ಆವತ್ತು ಆ ಮೈದಾನದಲ್ಲಿ ಸರಿಯಾಗಿ ಎಣಿಸಿದವಳು ನೀನೊಬ್ಬಳೇ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಹಿಂದಿರುಗಿ ನೋಡುತ್ತೀಯ, ಔಷಧಿ ಅಂಗಡಿಯಲ್ಲಿ ಹತ್ತು ಮಾತ್ರೆ ಕೊಡಲು ನಾಲ್ಕು ಸಲ ಎಣಿಸುತ್ತೀಯ. ಗಿರಾಕಿಗಳು ಗೊಣಗುತ್ತಾರೆ ಎಂದು ಅಳಿಯಂದಿರು ತಮಾಷೆ ಮಾಡಿದಾಗ ನಾನೂ ನಗುತ್ತಿದ್ದೆ.

ಬೇಡ ಎಂದು ಒಂದು ಸಾಲು ನೀನು ಕೇಳಿದ್ದೆ. ಬರೆಯುವುದಿಲ್ಲ. ಈ ಕಾಗದ ಬುಧವಾರ ನಿನ್ನ ಕೈ ಸೇರುತ್ತದೆ, ಫಾರಂ ಕೊಡಲು ಇನ್ನೂ ಎರಡು ದಿನ ಉಳಿದಿರುತ್ತದೆ. ಸಹಿ ಮಾಡುವುದು ಬಿಡುವುದು ನಿನಗೆ ಬಿಟ್ಟದ್ದು, ನಿನ್ನ ಮಗಳು. ಆದರೆ ಬೇಡ ಎನ್ನುವುದಾದರೆ ಬೇರೆ ಕಾರಣ ಹುಡುಕು. ಈ ಕಾರಣ ನಿನ್ನದಲ್ಲ, ನನ್ನದು.

ನಾಳೆ ಸಂಜೆ ಗುಬ್ಬಿಗೆ ಉತ್ತರ ಕೊಡುತ್ತೇನೆ. ಹತ್ತು ಸುತ್ತು ಓಡಲಂತೂ ಆಗದು. ನಡೆಯುತ್ತೇನೆ. ನಿಮ್ಮಪ್ಪ ಜೊತೆಗೆ ಬರುತ್ತಾರಂತೆ, ಅವರ ಮೊಣಕಾಲನ್ನೂ ಕರೆದುಕೊಂಡು.

ಇಂತಿ,
ನಿನ್ನ ಅಮ್ಮ (ಗ್ರೌಂಡಿನಲ್ಲೂ)

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದ್ದೇನೆ. ಬಸ್ಸಿನಲ್ಲಿ ಗೊತ್ತಾಯಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ತಾಳೆಯಾಗುತ್ತಿಲ್ಲವೆಂದು ಕೇಳುವಾಗಲೇ ರೆಫರಿ ಆ ಚೀಟಿಯನ್ನು ನನ್ನ ಕೈಗೇ ಕೊಟ್ಟಿದ್ದರು. ಕೈ ಚಾಚಿ ಓದಿದ್ದೆ. ತಪ್ಪು ನನ್ನದೆಂದು ಆಗಲೇ ಗೊತ್ತಿತ್ತು. ಐದನೆಯ ಸರದಿ ಬಂದಾಗ ಎರಡು ಟೈಮ್ ಔಟ್ ನನ್ನ ಬಳಿ ಉಳಿದಿದ್ದವು, ಒಂದನ್ನು ಕೇಳಿ ನಿನ್ನನ್ನು ತಡೆಯಬಹುದಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಹೆಡ್ ಮಿಸ್ಟ್ರೆಸ್ ಪಕ್ಕದಲ್ಲೇ ಕುಳಿತಿದ್ದರು. ನೀನು ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು, ಸರಿಯಾ ಎಂಬಂತೆ ನನ್ನ ಕಡೆ ನೋಡಿದೆ. ನಾನು ಚೀಲದೊಳಗೆ ಕೈಹಾಕಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಚೀಲದಲ್ಲಿ ಏನೂ ಇರಲಿಲ್ಲ.